ಮುಖ್ಯಸ್ಥರ ಜೇಬಿನಲ್ಲಿ ಹಿಡಿಸತಕ್ಕ ಕ್ಯಾಮೆರಾ

ಸಣ್ಣ ಸೇತುವೆಗಳ ಪರಿಶೀಲನಾ ಕಚೇರಿಯ ನಿಯಮ ಹದಿನಾಲ್ಕರ ಪ್ರಕಾರ, ಕಚೇರಿಯ ಕ್ಯಾಮೆರಾದಿಂದ ತೆಗೆದ ಛಾಯಾಚಿತ್ರವಿಲ್ಲದ ಬಿರುಕನ್ನು ಬಿರುಕೆಂದು ಪರಿಗಣಿಸತಕ್ಕದ್ದಲ್ಲ. ಇದು ಒಳ್ಳೆಯ ನಿಯಮ. ಜಾರಿಗೆ ಬಂದ ವರ್ಷವೇ ನಮ್ಮ ವ್ಯಾಪ್ತಿಯ ಬಿರುಕುಗಳು ಇನ್ನೂರ ಆರರಿಂದ ಒಂಬತ್ತಕ್ಕೆ ಇಳಿದವು. ನಾನು ಈ ಕಚೇರಿಯ ಕಡತ ಗುಮಾಸ್ತ. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಒಂದು ಕಡತವನ್ನೂ ಕಳೆದವನಲ್ಲ, ಒಂದನ್ನೂ ಓಡಿಸಿದವನಲ್ಲ. ಕಡತಕ್ಕೂ ಒಂದು ಮಾನ ಮರ್ಯಾದೆ ಅಂತ ಇರುತ್ತದೆ. ಅದು ತನ್ನ ಪಾಡಿಗೆ ತಾನು ನಡೆಯಬೇಕು.

ನಮ್ಮ ಸೇತುವೆ ಪರೀಕ್ಷಕ ಉದ್ದ ಕಾಲಿನ, ಕಡಿಮೆ ಮಾತಿನ ಮನುಷ್ಯ. ಹೋದಲ್ಲೆಲ್ಲ ಸಣ್ಣ ಸುತ್ತಿಗೆಯಿಂದ ಕಂಬಗಳನ್ನು ಕುಟ್ಟಿ, ಕಿವಿಗೊಟ್ಟು ಕೇಳುತ್ತಾನೆ. ಅದಕ್ಕೇ ಅವನ ಹೆಸರು ಸುತ್ತಿಗೆ ಅಂತಲೇ ಆಗಿಹೋಗಿದೆ. ಸಂಬಳದ ಚೀಟಿಯಲ್ಲೂ ಒಮ್ಮೆ ಹಾಗೇ ಬಂದಿತ್ತು. ಕಚೇರಿಯ ಹಳೆಯ ಕ್ಯಾಮೆರಾ ಅವನ ಕೈಯಲ್ಲೇ ಇತ್ತು. ಮೂರು ಕಿಲೋ ತೂಕದ, ಪೆಟ್ಟಿಗೆಯಂಥ ಯಂತ್ರ. ಹೋದ ವರ್ಷ ಒಂದು ಸೇತುವೆಯ ಅಡಿ ನೋಡಲು ಬಗ್ಗಿದಾಗ ಅದು ಅವನ ಕತ್ತನ್ನೂ ಎಳೆದುಕೊಂಡು ಹೊಳೆಗೆ ಇಳಿಯಿತು. ಸುತ್ತಿಗೆ ಕ್ಯಾಮೆರಾ ಬಿಟ್ಟು ತಾನು ಮಾತ್ರ ಮೇಲೆ ಬಂದ. ಇಬ್ಬರಲ್ಲಿ ಕಚೇರಿಯ ಆಸ್ತಿ ಯಾವುದೋ ಅದನ್ನು ಉಳಿಸುವ ಬದಲು ಮತ್ತೊಂದನ್ನು ಉಳಿಸಿದ್ದೇಕೆ ಎಂದು ಅವನಿಂದ ಲಿಖಿತ ವಿವರಣೆ ಕೇಳಲಾಯಿತು. ಕೇಳಿದವನು ನಾನೇ.

ಅಂಥ ಸುತ್ತಿಗೆ ಒಂದು ದಿನ ಬೆಳಿಗ್ಗೆ ನನ್ನ ಮೇಜಿನ ಮುಂದೆ ಬಂದು ನಿಂತ.

"ಗಿರಣಿ ಸೇತುವೆ ಬಿರುಕು ಬಿಟ್ಟಿದೆ, ಸ್ವಾಮಿ. ನಾಲ್ಕು ಬೆರಳು ಒಳಗೆ ಹೋಗುತ್ತೆ."

"ಫೋಟೋ ಎಲ್ಲಿ?"

"ಕ್ಯಾಮೆರಾ ಹೊಳೆಯಲ್ಲಿದೆಯಲ್ಲ."

"ಹಾಗಾದರೆ ಬಿರುಕಿಲ್ಲ."

"ನನ್ನ ಬೆರಳು ಹೋಯಿತಲ್ಲ?"

"ಬೆರಳು ಹೋಗಿರೋದು ನಿಮ್ಮ ಬೆರಳಿನ ವಿಷಯ," ಎಂದೆ. ಅವನು ಹೋಗಿ ಅರ್ಜಿ ಬರೆದು ತಂದ. ಒಂದೇ ಸಾಲು: 'ಪ್ರಯಾಣದಲ್ಲಿ ಒಯ್ಯಲು ಅನುಕೂಲವಾದ ಒಂದು ಸಣ್ಣ ಡಿಜಿಟಲ್ ಕ್ಯಾಮೆರಾ ಕೊಡಿಸಿ, ಬೇಗ.' ಕೊನೆಯ ಪದವನ್ನು ನಾನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ ಅರ್ಜಿಯನ್ನು ಸ್ವೀಕರಿಸಿದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಕಡತಕ್ಕೂ ಅದಕ್ಕೂ ಸಂಬಂಧವಿಲ್ಲ. ನನ್ನ ತಂಗಿ ಶಾಲೆಯ ವ್ಯಾನು ಓಡಿಸುತ್ತಾಳೆ. ಇಪ್ಪತ್ತೆರಡು ಮಕ್ಕಳು. ದಿನಾ ಎರಡು ಸಲ ಗಿರಣಿ ಸೇತುವೆ ದಾಟುತ್ತಾಳೆ. ನಾವಿಬ್ಬರೂ ಒಂದೇ ಮನೆಯಲ್ಲಿರುವುದು. ಆ ದಿನ ಸಂಜೆ ಊಟಕ್ಕೆ ಕೂತಾಗ ಅವಳೇ ಮಾತು ತೆಗೆದಳು.

"ಅಣ್ಣ, ಆ ಸೇತುವೆ ಮೇಲೆ ಹಿಂದಿನ ಚಕ್ರ ಬಂದಾಗ ಕೆಳಗೆ ಟಕ್ ಅನ್ನುತ್ತೆ. ಹೋದ ತಿಂಗಳು ಅನ್ನುತ್ತಿರಲಿಲ್ಲ."

"ಹಾಗಂತ ಅರ್ಜಿ ಬಂದಿದೆ. ಕ್ಯಾಮೆರಾ ಕೊಳ್ಳಬೇಕು."

"ಕ್ಯಾಮೆರಾ ಯಾಕೆ? ಫೋನಲ್ಲಿ ತೆಗೆದರೆ ಆಗಲ್ವಾ?"

ತಿಳಿಯದವರು ಹೀಗೇ ಕೇಳುವುದು. ನಿಯಮ ಹದಿನೇಳನ್ನು ಅವಳಿಗೆ ಬಿಡಿಸಿ ಹೇಳಿದೆ: ಸ್ವಂತ ಫೋನಿನಲ್ಲಿ ಕಂಡದ್ದು ಸ್ವಂತ ವಿಷಯ. ಸುತ್ತಿಗೆ ತನ್ನ ಫೋನಿನಲ್ಲಿ ಆ ಬಿರುಕಿನ ಚಿತ್ರ ತೆಗೆದರೆ ಬಿರುಕು ಅವನ ಸ್ವಂತದ್ದಾಗುತ್ತದೆ. ರಿಪೇರಿಯೂ ಅವನ ತಲೆಗೇ ಬರುತ್ತದೆ.

"ನಿಮ್ಮ ಆಫೀಸಿಗೆ ಒಂದಿಷ್ಟು ಬೆಂಕಿ ಬೀಳಲಿ," ಎಂದು ಅವಳು ಶಾಂತವಾಗಿ ಹೇಳಿ ನೀರು ಕುಡಿದಳು. "ನಾನು ಒಂದು ಉಪಾಯ ಮಾಡಿದ್ದೀನಿ. ಸೇತುವೆ ಈಚೆಗೆ ಮಕ್ಕಳನ್ನೆಲ್ಲ ಇಳಿಸ್ತೀನಿ. ಅವರು ಸಾಲಾಗಿ ನಡೆದು ದಾಟ್ತಾರೆ. ಆಮೇಲೆ ಖಾಲಿ ವ್ಯಾನು ನಾನೊಬ್ಬಳೇ ಓಡಿಸ್ಕೊಂಡು ಹೋಗ್ತೀನಿ. ಬಿದ್ದರೆ ನಾನೊಬ್ಬಳೇ ಬೀಳ್ತೀನಿ."

"ಸುತ್ತಿ ಹೋಗಬಾರದಾ?"

"ಹತ್ತೊಂಬತ್ತು ಮೈಲಿ ಸುತ್ತು. ಶಾಲೆಯವರು ಬಿಡಲ್ಲ. ಸೇತುವೆ ಗಟ್ಟಿಯಾಗಿದೆ ಅಂತ ನಿಮ್ಮ ಆಫೀಸಿನ ಪತ್ರ ತೋರಿಸ್ತಾರೆ. ಅಕ್ಷರ ನೋಡಿದೆ, ನಿಂದೇ."

ಅಕ್ಷರ ನನ್ನದೇ ಹೌದು. ದುಂಡಗೆ, ತಪ್ಪಿಲ್ಲದೆ ಬರೆದಿದ್ದೆ. ಆವತ್ತು ಅರ್ಧ ಊಟಕ್ಕೇ ಎದ್ದು ಕೈ ತೊಳೆದೆ. ಆದರೆ ಅದು ನನ್ನ ಊಟದ ವಿಷಯ.

ಯುಕ್ತ ಕ್ರಮಕ್ಕಾಗಿ ಕ್ಯಾಮೆರಾ ಆಯ್ಕೆ ಸಮಿತಿ ರಚನೆಯಾಯಿತು. ಅಧ್ಯಕ್ಷರು ಕಚೇರಿಯ ಮುಖ್ಯಸ್ಥರಾದ ದೊಡ್ಡ ಸಾಹೇಬರು. ಸದಸ್ಯ ನಮ್ಮ ಉಗ್ರಾಣಿ, ಅಂದರೆ ಸಾಮಾನು ಕೋಣೆಯ ಬೀಗದ ಕೈ ಇಟ್ಟುಕೊಂಡವನು. ಕಾರ್ಯದರ್ಶಿ ನಾನು. ಸುತ್ತಿಗೆಯನ್ನು ಸೇರಿಸಿಕೊಳ್ಳಲಿಲ್ಲ. ಕ್ಯಾಮೆರಾ ಬಳಸುವವನು ಅವನೇ ಆದ್ದರಿಂದ ಅವನು ಪಕ್ಷಪಾತಿ. ಕೆಲಸಕ್ಕೆ ಬರುವ ಕ್ಯಾಮೆರಾವನ್ನೇ ಆರಿಸುವ ಅಪಾಯವಿತ್ತು.

ಮೊದಲ ಸಭೆಯಲ್ಲಿ ಪ್ರಯಾಣದ ಕ್ಯಾಮೆರಾ ಎಂದರೇನು ಎಂಬ ಪ್ರಶ್ನೆ ಬಂತು. ಜೇಬಿನಲ್ಲಿ ಹಿಡಿಸಬೇಕು ಎಂದರು ಸಾಹೇಬರು. ಯಾರ ಜೇಬು? ಸುತ್ತಿಗೆಯ ಜೇಬಿನಲ್ಲಿ ಆಗಲೇ ಸುತ್ತಿಗೆ ಇದೆ. ಉಗ್ರಾಣಿಯ ಜೇಬು ಬಹಳ ದೊಡ್ಡದು. ಕಚೇರಿಯ ಎರಡು ಸ್ಟೇಪ್ಲರು, ಒಂದು ಟೇಬಲ್ ಗಡಿಯಾರ ಅದರಲ್ಲಿ ಹಿಡಿಸಿದ ದಾಖಲೆಯಿದೆ. ಜೇಬಿನ ಮಾತು ಬಂದೊಡನೆ ಅವನು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ತನ್ನ ಜೇಬು ಸವರಿಕೊಂಡ. ನಾನು ಯೋಚಿಸಿ, ಸಂಸ್ಥೆಯ ಘನತೆಗೆ ತಕ್ಕಂತೆ ಒಂದು ವಾಕ್ಯ ಬರೆದೆ: 'ಸದರಿ ಕ್ಯಾಮೆರಾವು ಕಚೇರಿಯ ಮುಖ್ಯಸ್ಥರ ಜೇಬಿನಲ್ಲಿ ಹಿಡಿಸತಕ್ಕದ್ದು, ಹಿಡಿಸದ ಕ್ಯಾಮೆರಾವನ್ನು ಯಾವುದೇ ಕಾರಣಕ್ಕೂ ಖರೀದಿಸತಕ್ಕದ್ದಲ್ಲ.' ಸಾಹೇಬರು ಓದಿ, ಕೋಟಿನ ಜೇಬು ತಟ್ಟಿಕೊಂಡು ಸಹಿ ಹಾಕಿದರು. ಆ ವಾಕ್ಯ ಬರೆದ ಖುಷಿಯಲ್ಲಿ ನಾನು ಆವತ್ತು ನಡೆದೇ ಮನೆಗೆ ಹೋದೆ.

ಮುಖ್ಯರಸ್ತೆಯ ಕ್ಯಾಮೆರಾ ಅಂಗಡಿಯವ ಪರೀಕ್ಷೆಗೆಂದು ಮೂರು ಕ್ಯಾಮೆರಾ ಕಳಿಸಿದ. ಪ್ರಯಾಣದ ಕ್ಯಾಮೆರಾವನ್ನು ಪ್ರಯಾಣದಲ್ಲೇ ಪರೀಕ್ಷಿಸಬೇಕಲ್ಲ. ಹಾಗಾಗಿ ಸಮಿತಿಯು ಕಚೇರಿಯ ಜೀಪಿನಲ್ಲಿ ಪ್ರಯಾಣ ಕೈಗೊಂಡಿತು. ಜೀಪು ಶೆಡ್ಡಿನಲ್ಲಿದೆ. ಅದರ ಚಕ್ರಗಳು ನಾಲ್ಕು ವರ್ಷದ ಹಿಂದೆ ರಿಪೇರಿಗೆ ಹೋದವು ಇನ್ನೂ ಬಂದಿಲ್ಲ. ನಾವು ಮೂವರೂ ಬೆಳಿಗ್ಗೆ ಹತ್ತಕ್ಕೆ ಹತ್ತಿ ಸಂಜೆ ಐದಕ್ಕೆ ಇಳಿಯುತ್ತಿದ್ದೆವು. ರಸ್ತೆ ಕೆಟ್ಟಿದೆ ಎನಿಸಲೆಂದು ಉಗ್ರಾಣಿ ಆಗಾಗ ಬಾಗಿಲು ಹಿಡಿದು ಜೀಪನ್ನು ಅಲುಗಾಡಿಸುತ್ತಿದ್ದ. ಐದನೆಯ ದಿನ ಸಾಹೇಬರಿಗೆ ವಾಂತಿ ಬಂದಂತಾಗಿ, ಪ್ರಯಾಣ ನಿಜವಾದದ್ದೆಂದು ಸಾಬೀತಾಯಿತು.

ಮೊದಲನೆಯ ಕ್ಯಾಮೆರಾ ದೂರದ್ದನ್ನು ಹತ್ತಿರಕ್ಕೆ ಎಳೆದು ತೋರಿಸುವಂಥದು. ಮೂವತ್ತು ಪಟ್ಟು ಜೂಮು. ಸಾಹೇಬರು ಶೆಡ್ಡಿನಿಂದ ರಸ್ತೆಯ ಆ ತುದಿಯ ಕಾಫಿ ಅಂಗಡಿಯ ಕಡೆ ತಿರುಗಿಸಿದರು. ಕಿಟಕಿಯ ಪಕ್ಕದ ಮೇಜಿನಲ್ಲಿ ನಮ್ಮ ಒಂಬತ್ತು ಜನ ತಾಂತ್ರಿಕ ಸಿಬ್ಬಂದಿ ಸ್ಪಷ್ಟವಾಗಿ ಕಂಡರು. ಆ ಹೊತ್ತಿಗೆ ಹಾಜರಿ ಪುಸ್ತಕದ ಪ್ರಕಾರ ಅವರು ಒಂಬತ್ತು ಬೇರೆ ಬೇರೆ ಸೇತುವೆಗಳ ಅಡಿಯಲ್ಲಿದ್ದರು. ಒಬ್ಬನ ಕೈಯಲ್ಲಿದ್ದ ಇಸ್ಪೀಟು ಎಲೆ ಕೂಡ ಓದಲು ಬರುತ್ತಿತ್ತು.

"ಇದು ಅಪಾಯಕಾರಿ," ಎಂದು ಸಾಹೇಬರು ಕ್ಯಾಮೆರಾ ಕೆಳಗಿಟ್ಟರು. ನಾನು ಷರಾ ಬರೆದೆ: 'ಅನಗತ್ಯವಾಗಿ ದೂರ ನೋಡುತ್ತದೆ. ತಿರಸ್ಕೃತ.'

ಎರಡನೆಯದು ನೀರಿಗೆ ಬಿದ್ದರೂ ಕೆಡುವುದಿಲ್ಲ ಎಂದಿತ್ತು. ಇಪ್ಪತ್ತನಾಲ್ಕು ಗಂಟೆ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿಟ್ಟೆವು. ಹೊರಗೆ ತೆಗೆದ ಕೂಡಲೇ ಅದು ಏನೂ ಆಗಿಯೇ ಇಲ್ಲವೆಂಬಂತೆ ಫೋಟೋ ತೆಗೆಯಿತು. ಸುತ್ತಿಗೆ ಬಾಗಿಲಲ್ಲಿ ನಿಂತು, "ಇದೇ ಸಾಕು ಸ್ವಾಮಿ, ಇದೇ ಕೊಡಿ" ಎಂದ. ಉಗ್ರಾಣಿ ಅವನನ್ನು ಕನಿಕರದಿಂದ ನೋಡಿದ.

"ನೀರಿಗೆ ಬಿದ್ದರೂ ಕೆಡದಿದ್ದರೆ, ಕೆಟ್ಟುಹೋಯಿತು ಅಂತ ಬರೆದು ಹೊಸದು ತರಿಸೋದು ಯಾವಾಗಯ್ಯಾ? ನಮ್ಮ ಮುಂದಿನ ಸಮಿತಿಗಳ ಗತಿ ಏನು?"

ಮಾತಿನಲ್ಲಿ ದೂರದೃಷ್ಟಿಯಿತ್ತು. 'ಮುಂದಿನ ಖರೀದಿಗಳಿಗೆ ಅಡ್ಡಿ. ತಿರಸ್ಕೃತ.'

ಮೂರನೆಯದು ಅಂಗೈಯಗಲದ್ದು. ಅದರ ಪರದೆ ಮುಂದಕ್ಕೆ ಮಡಚಿಕೊಂಡು, ಫೋಟೋ ತೆಗೆಯುವವನಿಗೆ ತನ್ನ ಮುಖವೇ ಕಾಣುತ್ತಿತ್ತು. ಸಾಹೇಬರು ಅದನ್ನು ಕೆಳಗಿಡಲೇ ಇಲ್ಲ. ಎರಡು ದಿನದಲ್ಲಿ ಇನ್ನೂರ ಎಂಬತ್ತು ಚಿತ್ರ ತೆಗೆದರು, ಎಲ್ಲದರಲ್ಲೂ ಸಾಹೇಬರೇ. ಜೀಪಿನಲ್ಲಿ ಸಾಹೇಬರು, ಜೀಪಿನ ಪಕ್ಕ ಸಾಹೇಬರು, ಚಿಂತಾಕ್ರಾಂತ ಸಾಹೇಬರು. ಕೊನೆಗೆ ಕೋಟಿನ ಜೇಬಿನಿಂದ ಕನ್ನಡಕ, ಕೆಮ್ಮಿನ ಮಾತ್ರೆ, ಹಳೆಯ ಬಸ್ ಟಿಕೆಟು ಎಲ್ಲ ತೆಗೆದು ಕ್ಯಾಮೆರಾ ಇಳಿಸಿದರು. ಸಲೀಸಾಗಿ ಇಳಿಯಿತು. ಸಮಿತಿ ಚಪ್ಪಾಳೆ ತಟ್ಟಿತು. ನೂರಕ್ಕೆ ಅರವತ್ತೆಂಟು ಅಂಕ ಬಿದ್ದವು. ನಾನು ಖರೀದಿ ಆದೇಶವನ್ನು ಮೂರು ಪ್ರತಿಗಳಲ್ಲಿ ಬರೆದು ಸಹಿಗೆ ಇಟ್ಟೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಾರನೆಯ ದಿನ ಸಾಹೇಬರ ನಿವೃತ್ತಿ. ಅದು ಎಲ್ಲರಿಗೂ ಗೊತ್ತಿತ್ತು, ಕಡತಕ್ಕೆ ಮಾತ್ರ ಗೊತ್ತಿರಲಿಲ್ಲ. ಹಾರ, ಭಾಷಣ, ಕಣ್ಣೀರಿನ ನಡುವೆ ಸಹಿ ಹಾಕುವುದು ಮರೆತು ಅವರು ಮನೆಗೆ ಹೋದರು. ಕ್ಯಾಮೆರಾ ಅವರ ಜೇಬಿನಲ್ಲೇ ಇತ್ತು. ಅದು ಅಷ್ಟು ಚೆನ್ನಾಗಿ ಹಿಡಿಸಿತ್ತೆಂದರೆ ಯಾರ ಗಮನಕ್ಕೂ ಬರಲಿಲ್ಲ.

ಈ ಮಧ್ಯೆ ಮನೆಯಲ್ಲಿ ತಂಗಿ ಒಂದು ಕಾಗದ ತಂದು ನನ್ನ ಮುಂದಿಟ್ಟಳು. ಮಕ್ಕಳನ್ನು ಇಳಿಸಿ ಹತ್ತಿಸುವುದರಿಂದ ದಿನಾ ಹನ್ನೊಂದು ನಿಮಿಷ ತಡವಾಗುತ್ತಿದೆ; ಸಮರ್ಥ ಕಚೇರಿಯು ಸೇತುವೆಯನ್ನು ಸುಸ್ಥಿತಿ ಎಂದು ದೃಢೀಕರಿಸಿರುವುದರಿಂದ ಬರುವ ಸೋಮವಾರದಿಂದ ಯಾರನ್ನೂ ಇಳಿಸಕೂಡದು ಎಂದು ಶಾಲೆಯವರು ಬರೆದಿದ್ದರು.

"ಕೆಲಸ ಬಿಟ್ಟುಬಿಡು," ಎಂದೆ.

"ಬಿಟ್ಟರೆ ಇನ್ನೊಬ್ಬ ಡ್ರೈವರ್ ಬರ್ತಾನೆ. ಅವನಿಗೆ ಆ ಟಕ್ ಅನ್ನೋ ಶಬ್ದ ಕೇಳಿಸುತ್ತಾ?" ಅವಳು ಕಾಗದ ಮಡಚಿದಳು. "ಹಿಂದಿನ ಸೀಟಿನಲ್ಲಿ ಕೂರೋ ಒಂದು ಮಗು ಇದೆ ಅಣ್ಣ. ದಿನಾ ಸೇತುವೆ ಹತ್ತಿರ ಬಂದ ಕೂಡಲೇ ತಾನಾಗೇ ಚೀಲ ಹೆಗಲಿಗೆ ಹಾಕ್ಕೊಂಡು ಎದ್ದು ನಿಲ್ಲುತ್ತೆ. ಸೋಮವಾರ ಅದಕ್ಕೆ ಕೂತ್ಕೋ ಅಂತ ನಾನು ಹೆಂಗೆ ಹೇಳಲಿ?"

ನನಗೆ ಭಯವಾಯಿತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನಾನು ಕಡತವನ್ನು ಓಡಿಸಿದೆ.

ಹೊಸದಾಗಿ ಬಂದ ಮುಖ್ಯಸ್ಥರನ್ನು ನಾವು ಹೊಸ ಮೇಡಂ ಎನ್ನುತ್ತಿದ್ದೆವು. ಬಹಳ ಪ್ರಾಮಾಣಿಕರು, ನಿಯಮ ಅಂದರೆ ನಿಯಮ. ಬಂದ ದಿನವೇ ಕಡತವನ್ನು ಮೊದಲಿನಿಂದ ಕೊನೆವರೆಗೆ ಓದಿದರು. ನನ್ನ ವಾಕ್ಯದ ಮೇಲೆ ಅವರ ಬೆರಳು ನಿಂತಿತು.

"ಮುಖ್ಯಸ್ಥರ ಜೇಬು ಅಂತಿದೆ."

"ಹೌದು ಮೇಡಂ."

"ನನಗೆ ಜೇಬಿಲ್ಲ."

ನೋಡಿದೆವು. ನಿಜವೇ, ಅವರ ಉಡುಪಿನಲ್ಲಿ ಎಲ್ಲೂ ಒಂದು ಜೇಬಿರಲಿಲ್ಲ. ಒಂದು ಹೊಲಿಸಿಕೊಂಡರೆ ಎಂದು ಉಗ್ರಾಣಿ ಕೆಮ್ಮಿದ. ಮುಖ್ಯಸ್ಥರ ಉಡುಪು ಕಚೇರಿಯ ಆಸ್ತಿಯಲ್ಲ, ಅದಕ್ಕೆ ಕಚೇರಿಯ ಕೆಲಸಕ್ಕಾಗಿ ಜೇಬು ಹಚ್ಚಿದರೆ ಅತಿಕ್ರಮಣವಾಗುತ್ತದೆ ಎಂದು ಮೇಡಂ ತಿಳಿಸಿದರು. ವಾಕ್ಯವನ್ನೇ ತಿದ್ದೋಣ ಎಂದೆ ನಾನು; ನನ್ನ ಮಾತು ನನಗೇ ನಂಬಲಾಗಲಿಲ್ಲ. ಮೇಡಂ ಸುತ್ತೋಲೆ ತೆಗೆದು ತೋರಿಸಿದರು: ತಿದ್ದುಪಡಿ ಸಭೆಯ ಛಾಯಾಚಿತ್ರವನ್ನು ಲಗತ್ತಿಸತಕ್ಕದ್ದು, ಅದು ಕಚೇರಿಯ ಕ್ಯಾಮೆರಾದಿಂದಲೇ ತೆಗೆದದ್ದಾಗಿರತಕ್ಕದ್ದು. ಆ ಸುತ್ತೋಲೆ ಬರೆದವನೂ ನಾನೇ. ನಾನು ತೋಡಿದ ಹಳ್ಳ ಎಷ್ಟು ಅಚ್ಚುಕಟ್ಟಾಗಿದೆ ಎಂದು ಅದರೊಳಗೆ ಬಿದ್ದ ಮೇಲೆ ತಿಳಿಯಿತು.

ಅದೇ ಹೊತ್ತಿಗೆ ಅಂಗಡಿಯವ ನುಗ್ಗಿ ಬಂದ. ಒಂದು ಕ್ಯಾಮೆರಾ ನೆಂದಿದೆ, ಒಂದು ನಾಪತ್ತೆ, ತಿಂಗಳಿಂದ ಕಚೇರಿಯ ಉತ್ತರವೂ ಇಲ್ಲ. ಅವನ ತಲೆ ಕೆಟ್ಟುಹೋಗಿತ್ತು.

"ನಿಮಗೆ ಎಂಥ ಕ್ಯಾಮೆರಾ ಬೇಕು, ಅದನ್ನಾದರೂ ಹೇಳ್ರಪ್ಪಾ!"

"ಇಲ್ಲದ ಜೇಬಿನಲ್ಲಿ ಹಿಡಿಸುವಂಥದು," ಎಂದರು ಮೇಡಂ.

"ಹಾಗಾದರೆ ಇಲ್ಲದ ಕ್ಯಾಮೆರಾನೇ ತಗೊಳ್ಳಿ!"

ಉಗ್ರಾಣಿ ಪೆನ್ನು ತೆಗೆದ. "ಅದರ ತೂಕ ಎಷ್ಟು?"

ಅಂಗಡಿಯವ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ. ವ್ಯಾಪಾರಸ್ಥ ಕಣ್ರೀ, ಎಷ್ಟೆಂದರೂ. ಅವನ ಸಿಟ್ಟು ನಮ್ಮ ಕಣ್ಣೆದುರೇ ಇಳಿದು, ಮುಖದಲ್ಲಿ ವಿನಯ ಮೂಡಿತು.

"ತೂಕವೇ ಇಲ್ಲ, ಸಾರ್. ಪ್ರಯಾಣಕ್ಕೆ ಇದಕ್ಕಿಂತ ಹಗುರ ಮಾರುಕಟ್ಟೆಯಲ್ಲೇ ಇಲ್ಲ."

"ನೀರಿಗೆ ಬಿದ್ದರೆ?"

"ಏನೂ ಆಗಲ್ಲ."

"ಕೆಟ್ಟುಹೋಯಿತು ಅಂತ ಬರೆಯಬಹುದಾ?"

"ಯಾವತ್ತು ಬೇಕಾದರೂ ಬರೆಯಬಹುದು."

"ಬ್ಯಾಟರಿ?"

"ಮುಗಿಯೋದೇ ಇಲ್ಲ."

"ದೂರದ್ದು ಕಾಣುತ್ತಾ?"

"ದೂರದ್ದೂ ಕಾಣಲ್ಲ, ಹತ್ತಿರದ್ದೂ ಕಾಣಲ್ಲ ಸಾರ್. ಬೆಲೆ ಮಾತ್ರ ಅದೇ."

ನೂರಕ್ಕೆ ನೂರು ಅಂಕ. ಮೂವರೂ ಸಹಿ ಹಾಕಿದೆವು. ಶುಕ್ರವಾರ ಮಧ್ಯಾಹ್ನ ಕ್ಯಾಮೆರಾ ಬಂತು: ಚಂದದ ಪೆಟ್ಟಿಗೆ, ಹನ್ನೊಂದು ಭಾಷೆಗಳ ಕೈಪಿಡಿ, ಎರಡು ವರ್ಷದ ಗ್ಯಾರಂಟಿ ಚೀಟಿ, ಕೊರಳಿಗೆ ಹಾಕುವ ಕಪ್ಪು ಪಟ್ಟಿ. ನಡುವೆ ಕ್ಯಾಮೆರಾ ಇರಬೇಕಾದ ಜಾಗದಲ್ಲಿ ಜಾಗ. ಉಗ್ರಾಣಿ ಅದನ್ನು ದಾಸ್ತಾನು ಪುಸ್ತಕಕ್ಕೆ ಏರಿಸಿ, 'ಪರೀಕ್ಷಿಸಿ ನೋಡಲಾಗಿದೆ, ದೋಷರಹಿತ' ಎಂದು ಬರೆದು, ಕೆಳಗೆ ದೊಡ್ಡದಾಗಿ ತನ್ನ ಹೆಸರು ಹಾಕಿದ. ಸುತ್ತಿಗೆ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಕತ್ತನ್ನು ಆಚೆ ಈಚೆ ತಿರುಗಿಸಿ ನೋಡಿದ.

"ಕತ್ತು ನೋಯೋದಿಲ್ಲ," ಎಂದ. ಅವನು ಒಳ್ಳೆಯ ನೌಕರ.

ಶನಿವಾರ ಬೆಳಿಗ್ಗೆ ಅವನ ಜೊತೆ ನಾನೂ ಸೇತುವೆಗೆ ಹೋದೆ. ಇಪ್ಪತ್ತಾರು ವರ್ಷ ಸೇತುವೆಗಳ ಕಚೇರಿಯಲ್ಲಿದ್ದೂ ಒಂದು ಸೇತುವೆಯ ಕೆಳಗೆ ನಾನು ನಿಂತದ್ದು ಆವತ್ತೇ ಮೊದಲು. ಕಾಗದದಲ್ಲಿ ಅದು 'ಗಿ-೩೧'. ಅಲ್ಲಿ ಅದು ಪಾಚಿ ಹಿಡಿದ ಎರಡು ಕಂಬ, ತುಕ್ಕು ತಿಂದ ಕಂಬಿ, ಮೇಲಿನಿಂದ ಉದುರುವ ಮರಳು. ಸುತ್ತಿಗೆ ನನ್ನ ಕೈ ಹಿಡಿದು ಬಿರುಕಿನೊಳಗೆ ಇಟ್ಟ. ನಾಲ್ಕು ಬೆರಳಲ್ಲ, ಈಗ ಇಡೀ ಅಂಗೈ ಹೋಯಿತು. ಮೇಲೆ ಒಂದು ಸೈಕಲ್ಲು ದಾಟಿತು. ಬಿರುಕು ನನ್ನ ಕೈಯನ್ನು ಮೆಲ್ಲಗೆ ಅದುಮಿ ಬಿಟ್ಟಿತು. ಸೈಕಲ್ಲಿಗೇ ಹೀಗಾದರೆ ಎಂದು ನಾನು ಇಪ್ಪತ್ತೆರಡು ಮಕ್ಕಳಿರುವ ವ್ಯಾನಿನ ತೂಕ ಲೆಕ್ಕ ಹಾಕತೊಡಗಿದೆ.

ಸುತ್ತಿಗೆ ಎರಡೂ ಕೈ ಮುಖದ ಮುಂದೆ ಹಿಡಿದು, ಒಂದು ಕಣ್ಣು ಮುಚ್ಚಿ, ಕೈಪಿಡಿಯಲ್ಲಿ ಹೇಳಿದಂತೆ ಉಸಿರು ಬಿಗಿಹಿಡಿದು, ಬಾಯಲ್ಲೇ 'ಟಿಕ್' ಎಂದ. ಅಲುಗಿರಬಹುದೆಂದು ಇನ್ನೊಂದು ಸಲ ತೆಗೆದ.

ಕಚೇರಿಗೆ ಬಂದು ಮುದ್ರಿಸಿದೆವು. ಯಂತ್ರ ಗೊರ್ ಎಂದು ಒಂದು ಬಿಳಿ ಹಾಳೆ ಕೊಟ್ಟಿತು. ಅದಕ್ಕೆ ಮೊಹರು ಹಾಕಿ ಕಡತಕ್ಕೆ ಸೇರಿಸಿ ಮೇಡಂ ಮುಂದೆ ಇಟ್ಟೆ. ಮಧ್ಯಾಹ್ನ ಒಂದೂವರೆ, ಎರಡಕ್ಕೆ ಕಚೇರಿ ಮುಚ್ಚುತ್ತದೆ, ಮತ್ತೆ ತೆರೆಯುವುದು ಸೋಮವಾರ. ಮೇಡಂ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಉಗ್ರಾಣಿ ಹಿಂದಿನಿಂದ ಬಗ್ಗಿ ನೋಡಿದ.

"ಬಿರುಕು ಕಾಣ್ತಾ ಇಲ್ಲ," ಎಂದ.

"ಕಾಣುತ್ತಿಲ್ಲ," ಎಂದರು ಮೇಡಂ. "ಹಾಗಾದರೆ ಬಿರುಕಿಲ್ಲ. ಸೇತುವೆ ಸುಸ್ಥಿತಿ." ಪೆನ್ನಿನ ಮುಚ್ಚಳ ತೆಗೆದರು.

ಸುತ್ತಿಗೆ ನೆಲ ನೋಡಿದ. ನನ್ನ ಅಂಗೈಯಲ್ಲಿ ಇನ್ನೂ ಮರಳಿತ್ತು. ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ನಿಲ್ಲುವ, ನಾನು ನೋಡಿಯೇ ಇರದ ಆ ಮಗು ಕಣ್ಣಿಗೆ ಕಟ್ಟಿತು. ಚೀರಬೇಕೆನಿಸಿತು. ಆದರೆ ಚೀರುವುದಕ್ಕೆ ಕಡತದಲ್ಲಿ ಕಾಲಂ ಇಲ್ಲ. ನನಗೆ ಬರುವುದು ಒಂದೇ ವಿದ್ಯೆ, ಅದನ್ನೇ ಪ್ರಯೋಗಿಸಿದೆ.

"ಮೇಡಂ, ಬಿರುಕು ಕಾಣುತ್ತಿಲ್ಲ, ನಿಜ," ಎಂದೆ. "ಆದರೆ ಸೇತುವೆಯೂ ಕಾಣುತ್ತಿಲ್ಲವಲ್ಲ."

ಪೆನ್ನು ನಿಂತಿತು. ಮೇಡಂ ಹಾಳೆಯನ್ನು ಮತ್ತೆ ಎತ್ತಿಕೊಂಡರು, ತಿರುಗಿಸಿದರು, ತಲೆಕೆಳಗೆ ಹಿಡಿದರು.

"ಕ್ಯಾಮೆರಾದಲ್ಲೇ ಏನಾದರೂ..." ಎಂದು ಉಗ್ರಾಣಿ ಬಾಯಿ ತೆರೆದ. ನಾನು ದಾಸ್ತಾನು ಪುಸ್ತಕ ಅವನ ಮುಂದೆ ಬಿಡಿಸಿ, 'ದೋಷರಹಿತ' ಎಂಬಲ್ಲಿ ಬೆರಳಿಟ್ಟೆ. ಅವನು ತೆರೆದ ಬಾಯಿಯನ್ನು ಹಾಗೇ ಆಕಳಿಕೆ ಮಾಡಿ ಮುಚ್ಚಿದ.

"ಕಚೇರಿಯ ಕ್ಯಾಮೆರಾದಲ್ಲಿ ಕಾಣದ ಸೇತುವೆ..." ಎಂದು ಮೇಡಂ ನನ್ನತ್ತ ನೋಡಿದರು. ಒಂದು ಕ್ಷಣ ಅವರ ತುಟಿಯ ಅಂಚು ಅಲುಗಿದಂತೆ ನನಗೆ ಕಂಡಿತು. ಕಚೇರಿಯ ಕ್ಯಾಮೆರಾದಿಂದ ಕಂಡದ್ದಲ್ಲವಾದ್ದರಿಂದ ಅದನ್ನು ದಾಖಲಿಸುವುದಿಲ್ಲ.

"ಸೇತುವೆಯೆಂದು ಪರಿಗಣಿಸತಕ್ಕದ್ದಲ್ಲ," ಎಂದು ನಾನು ಮುಗಿಸಿದೆ. "ಸೇತುವೆ ಇಲ್ಲದ ಕಡೆ ಹೊಳೆಗೆ ಇಳಿಯುವ ರಸ್ತೆಯನ್ನು ಎರಡೂ ಬದಿ ತಕ್ಷಣ ಮುಚ್ಚತಕ್ಕದ್ದು. ನಿಯಮ ಇಪ್ಪತ್ತೆರಡು, ಮೇಡಂ."

ಒಂದು ಗಂಟೆ ಐವತ್ತೆರಡು ನಿಮಿಷಕ್ಕೆ ಸಹಿಯಾಯಿತು.

ಭಾನುವಾರ ಸುತ್ತಿಗೆ ತಾನೇ ನಿಂತು ಎರಡೂ ಬದಿ ಡ್ರಮ್ಮು ಉರುಳಿಸಿ ಫಲಕ ನಿಲ್ಲಿಸಿದ: 'ಪ್ರಕಟಣೆ. ಇಲ್ಲಿ ಸೇತುವೆ ಇಲ್ಲ. ಇರುವಂತೆ ತೋರಿದರೆ ಸಾರ್ವಜನಿಕರು ಅದನ್ನು ನಂಬಿ ಮೋಸ ಹೋಗಬಾರದು. ಆದೇಶದ ಮೇರೆಗೆ.' ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬಂದ ಒಬ್ಬ ಮುದುಕ ಫಲಕ ಓದಿ, ಸೇತುವೆ ನೋಡಿ, "ಮತ್ತೆ ಇದೇನಪ್ಪಾ?" ಎಂದನಂತೆ. "ಅದು ನಿಮ್ಮ ಸ್ವಂತ ವಿಷಯ ಅಜ್ಜಾ," ಎಂದು ಸುತ್ತಿಗೆ ಹೇಳಿದ್ದಕ್ಕೆ, ಸರಕಾರದವರು ಹೇಳಿದ ಮೇಲೆ ಹಾಗೇ ಇರಬೇಕು ಬಿಡು ಎಂದು ಸೈಕಲ್ಲು ತಿರುಗಿಸಿದನಂತೆ.

ತಂಗಿ ಮಾತ್ರ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಸುತ್ತುದಾರಿಗಾಗಿ ಒಂದು ಗಂಟೆ ಮೊದಲೇ ಏಳಬೇಕಾಗಿತ್ತು. "ಇರೋ ಸೇತುವೆನ ಇಲ್ಲ ಅಂತ ಮಾಡಿದಿರಿ, ಇಲ್ಲದ ಕ್ಯಾಮೆರಾನ ಇದೆ ಅಂತ ಮಾಡಿದಿರಿ. ಒಂದು ದಿನ ನನ್ನನ್ನೂ ಇಲ್ಲ ಅಂತ ಬರೀತೀರ" ಎಂದು ಪಾತ್ರೆ ಕುಕ್ಕಿದಳು. ಹಾಗೆ ಬರೆಯಬಾರದೆಂದೇ ಇಷ್ಟೆಲ್ಲ ಮಾಡಿದ್ದು ಎಂದು ನಾನು ಹೇಳಲಿಲ್ಲ. ಅಣ್ಣಂದಿರು ಅಂಥದ್ದನ್ನೆಲ್ಲ ಹೇಳುವ ವಾಡಿಕೆ ನಮ್ಮ ಮನೆಯಲ್ಲಿಲ್ಲ.

ಮುಂದಿನ ವಾರದ ಬುಧವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಗಿರಣಿ ಸೇತುವೆ ಬಿತ್ತು. ಮೇಲೆ ಒಂದು ನಾಯಿಯೂ ಇರಲಿಲ್ಲ. ಶಾಲೆ ತಲುಪಿದ ಮೇಲೆ ತಂಗಿಗೆ ಸುದ್ದಿ ಸಿಕ್ಕಿ, ಕಚೇರಿಗೆ ಫೋನು ಮಾಡಿದಳು. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಅಣ್ಣ, ಎಂಟೂ ಹತ್ತಕ್ಕೆ ನಾನು ದಿನಾ ಅಲ್ಲೇ ಇರ್ತಿದ್ದೆ."

"ಗೊತ್ತು," ಎಂದೆ. ಫೋನು ಇಟ್ಟೆ. ನಾನು ಎದ್ದು ಹೋಗಿ, ಯಾರೂ ಇಲ್ಲದ ಕಡತದ ಕೋಣೆಯಲ್ಲಿ ಕೂತು ಅತ್ತೆ. ಇಪ್ಪತ್ತೆರಡು ಮಕ್ಕಳು, ಒಬ್ಬಳು ತಂಗಿ. ಅತ್ತ ಹದಿನೈದು ನಿಮಿಷಕ್ಕೆ ರಜೆ ಚೀಟಿಯನ್ನೂ ಬರೆದಿಟ್ಟೆ.

ಇನ್ನು ಕಡತದ ವಿಷಯ. ಇಲ್ಲದ ಸೇತುವೆ ಬೀಳಲು ಬರುವುದಿಲ್ಲವಾದ್ದರಿಂದ ಯಾವ ತನಿಖೆಯೂ ಬೇಕಾಗಲಿಲ್ಲ. ತಿಂಗಳ ವರದಿಯಲ್ಲಿ 'ಸದರಿ ಸ್ಥಳದ ಸ್ಥಿತಿಯಲ್ಲಿ ಯಾವುದೇ ಬದಲಾವಣೆ ಇಲ್ಲ' ಎಂದು ಬರೆದೆ. ಮೇಲಿನ ಕಚೇರಿಯಿಂದ ಬಂದ ಅಧಿಕಾರಿಗಳ ತಂಡ ನಮ್ಮ ಬಿಳಿ ಹಾಳೆಯನ್ನು ಸ್ಥಳದಲ್ಲಿ ಹಿಡಿದು ಹೋಲಿಸಿ ನೋಡಿತು. ಹಾಳೆಯಲ್ಲೂ ಸೇತುವೆ ಇಲ್ಲ, ಹೊಳೆಯ ಮೇಲೂ ಇಲ್ಲ. ಹನ್ನೊಂದು ದಿನ ಮುಂಚಿತವಾಗಿಯೇ ಇಷ್ಟು ನಿಖರವಾದ ಛಾಯಾಚಿತ್ರ ತೆಗೆಯಬಲ್ಲ ಕ್ಯಾಮೆರಾ ತಾವು ಎಲ್ಲೂ ಕಂಡಿಲ್ಲ ಎಂದು ಅವರು ಸಂದರ್ಶಕರ ಪುಸ್ತಕದಲ್ಲಿ ಬರೆದರು. ಎಲ್ಲ ಶಾಖೆಗಳಿಗೂ ಅದೇ ಮಾದರಿಯ ನಲವತ್ತು ಕ್ಯಾಮೆರಾಗಳಿಗೆ ಆದೇಶ ಹೊರಟಿತು. ಅಂಗಡಿಯವ ಎರಡನೇ ಅಂಗಡಿ ತೆರೆದ. ಅಲ್ಲಿ ಕಪಾಟುಗಳೆಲ್ಲ ಖಾಲಿ, ವ್ಯಾಪಾರ ಮಾತ್ರ ಜೋರು. ಗಿರಣಿಯ ಹತ್ತಿರ ಹೊಸ ಸೇತುವೆ ಮಂಜೂರಾಗಿ, ಸುತ್ತಿಗೆ ದಿನಾ ಹೋಗಿ ಹೊಸ ಕಂಬಗಳನ್ನು ಕುಟ್ಟಿ ಬರುತ್ತಿದ್ದಾನೆ. ಗಟ್ಟಿಯಾಗಿವೆಯಂತೆ.

ಸಮಿತಿಗೆ ಪ್ರಶಂಸಾಪತ್ರ ಬಂದ ದಿನ ಕಚೇರಿಯ ಮೆಟ್ಟಿಲ ಮೇಲೆ ಎಲ್ಲರನ್ನೂ ನಿಲ್ಲಿಸಿ ಗುಂಪು ಛಾಯಾಚಿತ್ರ ತೆಗೆಯಲಾಯಿತು, ಕಚೇರಿಯ ಕ್ಯಾಮೆರಾದಿಂದಲೇ. ಒಂದೊಂದು ಪ್ರತಿ ಎಲ್ಲರಿಗೂ ಕೊಟ್ಟರು. ನಾನು ಚೌಕಟ್ಟು ಹಾಕಿಸಿ ಮನೆಗೆ ತಂದು ಗೋಡೆಗೆ ನೇತುಹಾಕಿದೆ. ತಂಗಿ ಕೈ ಒರೆಸಿಕೊಂಡು ಬಂದು, ಸೊಂಟದ ಮೇಲೆ ಕೈಯಿಟ್ಟು, ಆ ಬಿಳಿ ಹಾಳೆಯನ್ನು ತುಂಬಾ ಹೊತ್ತು ನೋಡಿದಳು.

"ನೀನೆಲ್ಲಿದ್ದೀಯ?"

"ಎಡಗಡೆಯಿಂದ ಮೂರನೆಯವನು. ಸುತ್ತಿಗೆ ಪಕ್ಕ."

ಅವಳು ಇನ್ನಷ್ಟು ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ ನೋಡಿ, ನಾಲಿಗೆ ಲೊಚಗುಟ್ಟಿದಳು.

"ಏನಣ್ಣ ನೀನು! ಸರಿಯಾಗಿ ಫೋಟೋ ತೆಗೆಯೋ ಹೊತ್ತಿಗೆ ಕಣ್ಣು ಮುಚ್ಚಿಬಿಟ್ಟಿದ್ದೀಯಲ್ಲ."

ನಾನೂ ಹತ್ತಿರ ಹೋಗಿ ನೋಡಿದೆ. ಮುಚ್ಚಿಬಿಟ್ಟಿದ್ದೆ.